ನೈರೋಬಿಯಿಂದ ಬಾರದ ಹೆಜ್ಜೆ

ಹೋದ ಭಾನುವಾರ ಮುಂಬಯಿಯ ವಡಾಲದ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಡ್ಯಾನ್ಸ್ ಮಾಸ್ಟರ್ ಅವರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಇಲ್ಲಿಯ ಕನ್ನಡ ಸಂಘದವರು ಕರೆದಿದ್ದ ಸಭೆ. ವೇದಿಕೆಯ ಮೇಲೆ ಅವರ ಫೋಟೋ, ಅದಕ್ಕೊಂದು ಚೆಂಡುಹೂವಿನ ಹಾರ. ಫೋಟೋದಲ್ಲಿ ಅವರು ಚಿರತೆಚುಕ್ಕೆಯ ಜಾಕೀಟು ತೊಟ್ಟು, ಕೊರಳಿಗೆ ಪ್ಲಾಸ್ಟಿಕ್ ಮೂಳೆಗಳ ಸರ ಹಾಕಿಕೊಂಡು ನಗುತ್ತಿದ್ದರು. ಮೈಕಿನ ಮುಂದೆ ನಿಂತವರೊಬ್ಬರು, “ಆಫ್ರಿಕ ಖಂಡವನ್ನೇ ಹೊತ್ತು ತಂದು ಮುಂಬಯಿಯ ರಂಗದ ಮೇಲೆ ಇಳಿಸಿದ ಪುಣ್ಯಾತ್ಮ” ಎಂದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಸಂಘದ ಕಾರ್ಯದರ್ಶಿ ನನ್ನ ಮೊಣಕೈ ಮುಟ್ಟಿ, “ನೀವು ಅವರ ಜೊತೆ ಕಾಂಗೋ ಬಾರಿಸಿದೋರು, ಎರಡು ಮಾತಾಡಿ ಸಾರ್” ಎಂದ. ನೀರು ಕುಡಿದು ಬರುತ್ತೇನೆ ಎಂದು ಹೇಳಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ.

ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದು ಎನ್ನುತ್ತಾರೆ. ಒಳ್ಳೆಯದನ್ನೆಲ್ಲ ಉಳಿದವರು ಹೇಳಿ ಮುಗಿಸಿದ್ದಾರೆ. ನನ್ನ ಪಾಲಿಗೆ ಉಳಿದಿರುವುದನ್ನು ನಾನು ಹೇಳುತ್ತೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವರೇ ಇಟ್ಟುಕೊಂಡ ಹೆಸರು, ಅಪ್ಪ ಅಮ್ಮ ಇಟ್ಟದ್ದಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ, ಮನೆ ಬೊರಿವಲಿಯಲ್ಲಿ. ಮೈಸೂರಿನಲ್ಲಿ ಅಪ್ಪನ ಹತ್ತಿರ ಮೃದಂಗ ಕಲಿತಿದ್ದೆ. ಮುಂಬಯಿಗೆ ಬಂದ ಮೇಲೆ ಸಂಗೀತ ಕಚೇರಿಗೆ ಕರೆಯುವವರಿಲ್ಲದೆ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ಕಾಂಗೋ ಬಾರಿಸಲು ಶುರುಮಾಡಿದೆ. ಎರಡು ಉದ್ದನೆಯ ಪೀಪಾಯಿಗಳನ್ನು ನಿಲ್ಲಿಸಿಟ್ಟು ಅಂಗೈಯಿಂದ ಬಾರಿಸುವ ವಾದ್ಯ ಅದು. ಅಲ್ಲಿ ನನ್ನ ಕೈ ಕೇಳಿದ ಯಾರೋ ಅಂಧೇರಿಯ ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋದರು.

ಕ್ಲಾಸು ಇದ್ದದ್ದು ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ. ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಗೋಧಿಹಿಟ್ಟಿನ ಧೂಳು ಮೆಟ್ಟಿಲು ಹತ್ತಿ ಬಂದು ಕನ್ನಡಿಯ ಮೇಲೆ ಕೂರುತ್ತಿತ್ತು. ಮೂಲೆಯಲ್ಲೊಂದು ಬೇಸಿನ್. ಮಾಸ್ಟರ್ ಪಾಠ ನಡೆಯುವಷ್ಟು ಹೊತ್ತೂ ಪಾನ್ ಮಸಾಲ ಅಗಿದು ಅದರಲ್ಲೇ ಉಗುಳುತ್ತಿದ್ದರು. ಬಿಳಿಯ ಬೇಸಿನ್ ಕಂದು ಬಣ್ಣಕ್ಕೆ ತಿರುಗಿತ್ತು. ಕುಣಿದು ಬೆವೆತ ಹುಡುಗಿಯರು ಅದೇ ಬೇಸಿನ್ನಿನಲ್ಲಿ ಮುಖ ತೊಳೆಯಬೇಕು. ಒಬ್ಬಳು ಒಂದು ದಿನ ಮೂಗು ಮುಚ್ಚಿಕೊಂಡಿದ್ದಕ್ಕೆ, “ಆಫ್ರಿಕಾದಲ್ಲಿ ಆನೆ ಕುಡಿದು ಬಿಟ್ಟ ನೀರನ್ನ ಕುಡೀತಾರೆ, ನಿನಗೆ ಇದಕ್ಕೇ ವಾಂತಿ ಬರತ್ತಾ?” ಎಂದು ಎಲ್ಲರನ್ನೂ ನಗಿಸಿದರು. ಅವಳೂ ನಕ್ಕಳು. ಮಾರನೆಯ ದಿನದಿಂದ ಅವಳು ಬರಲಿಲ್ಲ.

ಆದರೆ ಕುಣಿಯುವಾಗ ಮಾತ್ರ ಆ ಮನುಷ್ಯ ಸ್ವಚ್ಛವಾಗಿರುತ್ತಿದ್ದರು. ಇದನ್ನು ಹೇಳದಿದ್ದರೆ ನಾನೂ ಸುಳ್ಳುಗಾರನಾಗುತ್ತೇನೆ. ವಾದ್ಯಗಾರನಿಗೆ ಕುಣಿಯುವವರ ಮುಖ ಕಾಣುವುದಿಲ್ಲ. ಕಾಣುವುದು ಬೆನ್ನು ಮತ್ತು ಹಿಮ್ಮಡಿ. ಅವರ ಬೆನ್ನು ಸುಳ್ಳು ಹೇಳುತ್ತಿರಲಿಲ್ಲ. ನಾನು ನಾಲ್ಕರ ನಡೆಯಲ್ಲಿ ಬಾರಿಸಿದರೆ ಅವರ ಪಾದ ನನ್ನ ನಾಲ್ಕರಲ್ಲೇ ಇರುತ್ತಿತ್ತು, ಭುಜಗಳು ಮಾತ್ರ ಮೂರರಲ್ಲಿ ನಡುಗುತ್ತಿದ್ದವು. ಚತುರಶ್ರದ ಮೇಲೆ ತಿಶ್ರವನ್ನು ಕೂರಿಸಲು ನಾನು ಬಾಲ್ಯದಲ್ಲಿ ಎಷ್ಟು ಒದ್ದಾಡಿದ್ದೆ ಎಂಬುದು ನನಗೆ ಗೊತ್ತು. ಅವರು ಅದನ್ನು ಒಂದೇ ಮೈಯಲ್ಲಿ, ಲೆಕ್ಕ ಹಾಕದೆ ಮಾಡುತ್ತಿದ್ದರು.

ಅವರ ಹೆಸರು ಎದ್ದದ್ದು ಒಂದು ಹೆಜ್ಜೆಯಿಂದ. ಮೈ ಮುಂದಕ್ಕೆ ಬಾಗಿ, ಒಂದು ಅಂಗೈ ತೊಡೆಯ ಮೇಲೆ ಊರಿ, ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿದ ಮೇಲೆ ಎಡಗಾಲು ತುಸು ತಡವಾಗಿ, ನೆಲವನ್ನು ಸವರಿಕೊಂಡು ಬರುತ್ತಿತ್ತು. ಆ ತಡಕ್ಕೆ ಜಾಗ ಬಿಟ್ಟು ಬಾರಿಸುವುದನ್ನು ನಾನು ಕಲಿತುಕೊಂಡೆ. ಅದನ್ನು ಎಲ್ಲರೂ ‘ನೈರೋಬಿ’ ಎಂದು ಕರೆಯುತ್ತಿದ್ದರು. ಅಂಧೇರಿಯಿಂದ ಬೊರಿವಲಿಯವರೆಗಿನ ಕ್ಲಾಸುಗಳೆಲ್ಲ ಅದನ್ನು ಕದ್ದವು. ಅದರ ಅರ್ಥವೇನೆಂದು ಕೇಳಿದವರಿಗೆ ಮಾಸ್ಟರ್ ಹೇಳುತ್ತಿದ್ದುದು ಹೀಗೆ: ಅಲ್ಲಿಯ ಬೇಟೆಗಾರರು ಬಾಣ ತಗುಲಿದ ಜಿಂಕೆಯನ್ನು ಅಭಿನಯಿಸುವುದು ಇದು. ತಾನು ಹುಟ್ಟಿದ್ದೇ ನೈರೋಬಿಯಲ್ಲಿ, ಅಪ್ಪ ಅಲ್ಲಿ ರೈಲ್ವೆಯಲ್ಲಿದ್ದರು, ತನಗೆ ಕನ್ನಡ ಕಲಿಸಿದ್ದು ಮೈಸೂರು ಕಡೆಯ ತಾಯಿ. ನನ್ನ ಜೊತೆ ಅವರು ಆಡುತ್ತಿದ್ದ ಕನ್ನಡವೂ ಅದಕ್ಕೆ ತಕ್ಕಂತೆ ನಯವಾಗಿ, ಪುಸ್ತಕದ ಹಾಗೆ ಇರುತ್ತಿತ್ತು.

ನೃತ್ಯಗಳ ಹುಟ್ಟೂರು ಅವರ ಬಾಯಲ್ಲಿ ಗಿರಾಕಿಗೆ ತಕ್ಕಂತೆ ಬದಲಾಗುತ್ತಿತ್ತು. ಆಗ ಬ್ರೇಕ್ ಡ್ಯಾನ್ಸಿನ ಹುಚ್ಚು. ಗುಜರಾತಿ ತಾಯಂದಿರು ಬಂದರೆ ಇದು ಗರ್ಬಾದ ತಮ್ಮ, ಇಲ್ಲಿಂದಲೇ ಹಡಗು ಹತ್ತಿ ಹೋದದ್ದು. ಸಿಂಧಿ ವ್ಯಾಪಾರಿ ಬಂದರೆ ಲಂಡನ್ನಿನ ದೊಡ್ಡ ಕ್ಲಬ್ಬುಗಳದ್ದು. ನಮ್ಮ ಕನ್ನಡದವರು ಬಂದರೆ ಶಿವನ ತಾಂಡವ. ನಾನು ಕಾಂಗೋದ ಚರ್ಮಕ್ಕೆ ಬಿಸಿ ತೋರಿಸುತ್ತ ಇವನ್ನೆಲ್ಲ ಕೇಳುತ್ತಿದ್ದೆ.

ಅವರ ಕ್ಲಾಸಿನಲ್ಲಿ ನಿಜವಾಗಿ ಬ್ರೇಕ್ ಮಾಡಬಲ್ಲವನು ಸಲೀಂ ಒಬ್ಬನೇ. ಕುರ್ಲಾದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕೆಲಸದವನು, ಮೈಯಲ್ಲಿ ಎಲುಬೇ ಇಲ್ಲವೇನೋ ಎಂಬಂಥ ಯುವಕ. ಅವನಣ್ಣ ಹಡಗಿನಲ್ಲಿ ಖಲಾಸಿ. ದೇಶದೇಶದ ಕ್ಯಾಸೆಟ್ಟುಗಳನ್ನೂ ಸುದ್ದಿಗಳನ್ನೂ ಅವನು ತರುತ್ತಿದ್ದ. ಈ ಕುಣಿತ ನ್ಯೂಯಾರ್ಕಿನ ಬಡ ಕೇರಿಗಳ ಕಪ್ಪು ಹುಡುಗರದ್ದು ಎಂದು ನನಗೆ ಹೇಳಿದವನು ಸಲೀಂ. ಸುಟ್ಟ ಕಟ್ಟಡಗಳ ನಡುವೆ, ರಸ್ತೆಯಲ್ಲಿ ರಟ್ಟು ಹಾಸಿ, ದೀಪದ ಕಂಬದಿಂದ ಕರೆಂಟು ಎಳೆದು ಹಾಡು ಹಚ್ಚಿ ಕುಣಿಯುತ್ತಿದ್ದರಂತೆ. ಒಂದು ಕೇರಿಯವರಿಗೂ ಇನ್ನೊಂದು ಕೇರಿಯವರಿಗೂ ಜಗಳವಾದರೆ ಚೂರಿ ಹಿಡಿಯುವ ಬದಲು ಎದುರುಬದುರು ನಿಂತು ಕುಣಿದು ತೀರಿಸುತ್ತಿದ್ದರಂತೆ. ಸಲೀಂ ಇದನ್ನು ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಏಕೆಂದರೆ ಅದು ಅವನ ಕುರ್ಲಾವೇ ಆಗಿತ್ತು.

ಮಾಸ್ಟರ್ ಕೇಳಿಸಿಕೊಂಡು ಬೇಸಿನ್ನಿಗೆ ಉಗುಳಿದರು. “ಅದನ್ನ ಪೇರೆಂಟ್ಸ್ ಮುಂದೆ ಬೊಗಳಬೇಡ. ಝೋಪಡ್‌ಪಟ್ಟಿ ಡ್ಯಾನ್ಸ್ ಅಂದ್ರೆ ಯಾರು ಮಕ್ಕಳನ್ನ ಕಳಿಸ್ತಾರೆ?”

ಸಲೀಂ ಸುಮ್ಮನಿರುವವನಲ್ಲ. “ಮಾಸ್ಟರ್‌ಜೀ, ಮೇರಾ ಭಾಯಿ ಮೊಂಬಾಸಾ ಭೀ ದೇಖಾ ಹೈ,” ಎಂದ. ನೈರೋಬಿ ಇರುವ ದೇಶದ್ದೇ ಬಂದರು ಅದು, ಅವನಣ್ಣ ನೋಡಿ ಬಂದಿದ್ದನಂತೆ. ಅಲ್ಲಿ ಜನ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಗಿಟಾರು ಹಿಡಿದುಕೊಂಡು, ಜೋಡಿಜೋಡಿಯಾಗಿ ಕುಣಿಯುತ್ತಾರಂತೆ. ಹುಲ್ಲಿನ ಲಂಗ ತೊಟ್ಟವರನ್ನು ಅವನಣ್ಣ ಎಲ್ಲೂ ನೋಡಿಲ್ಲವಂತೆ.

“ನಿಮ್ಮಣ್ಣ ಬಂದರು ನೋಡಿದಾನೆ. ನಾನು ಕಾಡು ನೋಡಿದೀನಿ,” ಎಂದರು ಮಾಸ್ಟರ್.

ಆ ಕಾಡು ಎಂಥದ್ದೆಂದು ಸಿನಿಮಾ ಕೆಲಸ ಬಂದಾಗ ಕಾಣುತ್ತಿತ್ತು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಒಂದು ಕಾಡುಜನರ ಹಾಡು ಇರುತ್ತಿತ್ತು. ನಾಯಕಿಯನ್ನು ಕಂಬಕ್ಕೆ ಕಟ್ಟಿ ಸುತ್ತ ಕುಣಿಯುವ ಹಾಡು. ಕಾಡಿಗೆಯಂಥ ಕಪ್ಪನ್ನು ಕೊಬ್ಬರಿ ಎಣ್ಣೆಯಲ್ಲಿ ಕಲೆಸಿ ಒಂದು ಬಕೆಟ್ಟಿನಲ್ಲಿ ಇಡುತ್ತಿದ್ದರು. ಬೇಕರಿಯಲ್ಲಿ, ಮಿಲ್ಲಿನಲ್ಲಿ ದುಡಿಯುವ ಹುಡುಗರು ಸಾಲಾಗಿ ನಿಂತು ಮೈಗೆ ಅದನ್ನು ಬಳಿಸಿಕೊಳ್ಳುವರು. ತಲೆಗೆ ಬಣ್ಣ ಹಾಕಿದ ಕೋಳಿಪುಕ್ಕ. ಎಣ್ಣೆ, ಬೆವರು, ಒದ್ದೆ ಪುಕ್ಕ ಮೂರೂ ಸೇರಿ ಏಳುತ್ತಿದ್ದ ನಾತ ನನ್ನ ಅಂಗಿಗೆ ಅಂಟಿ ಬೊರಿವಲಿಯವರೆಗೂ ಬರುತ್ತಿತ್ತು. ಹೆಂಡತಿ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಎಲ್ಲರೂ ಬಾಯಿ ಅಗಲಿಸಿ, ನಾಲಗೆ ಚಾಚಿ, ಅರ್ಥವಿಲ್ಲದ ಕೂಗು ಹಾಕಬೇಕು. “ಇನ್ನೂ ಪ್ರಾಣಿ ಥರ, ಇನ್ನೂ ಪ್ರಾಣಿ ಥರ,” ಎಂದು ಮಾಸ್ಟರ್ ಚಿಟಿಕೆ ಹಾಕುತ್ತಿದ್ದರು. ಇಷ್ಟೊಂದು ಸೊಗಸಾಗಿ ಕುಣಿಯಬಲ್ಲ ಮನುಷ್ಯ ತನ್ನ ಕುಣಿತವನ್ನೇ ಹೀಗೆ ಕೆಸರಿಗೆ ಅದ್ದುವುದು ಹೇಗೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಅಂಥ ಒಂದು ಹಾಡಿಗೆ ನಿರ್ಮಾಪಕರು ಮುಂದಿನ ಸಾಲಿನಲ್ಲಿ ‘ಒರಿಜಿನಲ್’ ಹೆಂಗಸೊಬ್ಬಳು ಬೇಕೆಂದರು. ಕುಣಿಯುವವರನ್ನು ಒದಗಿಸುವ ಏಜೆಂಟ್ ವಡಾಲದಿಂದ ಒಬ್ಬರನ್ನು ಕರೆತಂದ. ಮೂವತ್ತು ದಾಟಿದ ಹೆಂಗಸು. ಗುಂಗುರು ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿ, ಹಸಿರು ಸೀರೆ ಉಟ್ಟಿದ್ದರು. ಏಜೆಂಟ್ ಅವರನ್ನು ಬಾಗಿಲಲ್ಲಿ ನಿಲ್ಲಿಸಿ, “ಏಕ್‌ದಂ ಅಸಲಿ ಮಾಲ್” ಎಂದ. ಮಾಸ್ಟರ್ ಆಗ ‘ನೈರೋಬಿ’ಯನ್ನು ಹೇಳಿಕೊಡುತ್ತಿದ್ದರು, ಬಾಗಿಲಿಗೆ ಬೆನ್ನು ಮಾಡಿದ್ದರು. ಆಕೆ ಅವರ ಕಾಲನ್ನೇ ನೋಡುತ್ತ ನಿಂತರು. ಹಾಡು ಮುಗಿದು ಮಾಸ್ಟರ್ ತಿರುಗಿದರು. ಆಕೆ ಈಗ ಮುಖ ನೋಡಿದರು.

“ನೀವು ಸಣ್ಣ ಸಾವ್ಕಾರ್ರಲ್ಲೇನ್ರಿ?” ಎಂದರು, ಅಚ್ಚ ಕನ್ನಡದಲ್ಲಿ. “ಹಳಿಯಾಳದ ಕಡೆ ಕಟ್ಟಿಗಿ ಮಿಲ್ಲಿನ ಸಾವ್ಕಾರ್ರ ಮಗಾ?”

ಮಾಸ್ಟರ್ ಟವೆಲಿನಿಂದ ಕತ್ತು ಒರೆಸಿಕೊಂಡರು. “ಕೋಯಿ ಗಲತ್‌ಫಹಮಿ ಹೈ,” ಎಂದರು ಹಿಂದಿಯಲ್ಲಿ, ಆಕೆ ಏನೋ ತಪ್ಪು ತಿಳಿದಿದ್ದಾಳೆ ಎಂಬಂತೆ. “ಮೈ ನೈರೋಬಿ ಕಾ ಹೂಂ.” ಅಲ್ಲಿಂದ ಮುಂದೆ ಆಕೆಯೊಡನೆ ಅವರು ಒಂದು ಮಾತೂ ಕನ್ನಡದಲ್ಲಿ ಆಡಲಿಲ್ಲ.

ಆಕೆಯ ಹೆಸರು ಪಾರ್ವತಿ. ವಡಾಲದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು. ಹಳಿಯಾಳ, ಯಲ್ಲಾಪುರದ ಕಡೆ ಇರುವ ಸಿದ್ದಿ ಜನರಲ್ಲಿ ಹುಟ್ಟಿದವರು. ಎಂದೋ ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅದು. ಈಗ ಆಡುವುದು ಕನ್ನಡ, ಕೊಂಕಣಿ. ಬಂದ ಊರಿನ ನೆನಪು ಅವರಲ್ಲಿ ಉಳಿದಿರುವುದು ಹೆಚ್ಚಾಗಿ ಒಂದು ವಾದ್ಯದಲ್ಲಿ ಮತ್ತು ಅದಕ್ಕೆ ಕುಣಿಯುವ ಮೈಯಲ್ಲಿ. ಡಮಾಮ ಎಂಬ, ಎರಡು ಕಡೆಯೂ ಚರ್ಮ ಬಿಗಿದ ವಾದ್ಯ. ಇದನ್ನೆಲ್ಲ ನಾನು ಅಂಧೇರಿ ಸ್ಟೇಷನ್ನಿನ ಹೊರಗೆ, ಚಹಾದಂಗಡಿಯ ಬೆಂಚಿನ ಮೇಲೆ ಆಕೆಯಿಂದಲೇ ಕೇಳಿದೆ. ಕನ್ನಡ ಆಡುವವನು ಸಿಕ್ಕಿದನೆಂದು ಆಕೆ ಹೇಳುತ್ತ ಹೋದರು.

“ನೀವು ಅವರನ್ನ ನೋಡಿ ಎಷ್ಟೋ ವರ್ಷ ಆಗಿರಬೇಕು. ಹೇಗೆ ಗುರುತು ಹಿಡಿದ್ರಿ?” ಎಂದು ಕೇಳಿದೆ.

“ಮಾರಿ ಹಿರೇ ಸಾವ್ಕಾರ್ರದ ಐತಿ,” ಎಂದರು. “ಕಾಲು ನಮ್ಮವ್ವಂದ ಐತಿ.”

ನನಗೆ ತಿಳಿಯಲಿಲ್ಲ. ಆಕೆ ಬಿಡಿಸಿ ಹೇಳಿದರು. ಆಕೆಯ ಅವ್ವ ಆ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುವ ಕೆಲಸಕ್ಕಿದ್ದಳು. ಸೀಮೆಗೇ ಹೆಸರಾದ ಕುಣಿತಗಾರ್ತಿ. ಒಂದು ದಿನ ಪೇರಿಸಿಟ್ಟಿದ್ದ ಸಾಗುವಾನಿ ದಿಮ್ಮಿ ಜಾರಿ ಎಡಗಾಲಿನ ಮೇಲೆ ಬಂತು. “ಹಿರೇ ಸಾವ್ಕಾರ್ರು ಬಂದು ನೋಡಿ, ಅರಿಷಿಣ ಹಚ್ಚಿ ಕಟ್ಟಕೋ ಅಂದು ಹ್ವಾದ್ರು. ಡಾಕ್ಟರ್ ಹಂತ್ಯಾಕ ಒಯ್ಯಲಿಲ್ಲ. ಕಾಲು ಸೊಟ್ಟ ಕೂಡ್ತು.” ಆಮೇಲಿನ ಹಬ್ಬಕ್ಕೆ ಅವ್ವ ಎದ್ದು ಕುಣಿದಳು. ಬಲಗಾಲು ಮುಂಚೆ, ಎಡಗಾಲು ಎಳೆದುಕೊಂಡು ಹಿಂದೆ. ಬೀಳಬಾರದೆಂದು ಒಂದು ಕೈ ತೊಡೆಯ ಮೇಲೆ. ನೋಡಿದವರೆಲ್ಲ ನಕ್ಕರು. ಸಾಹುಕಾರನ ಮಗ ಮಾತ್ರ ನಗಲಿಲ್ಲ. ಸಂಜೆಯಾದರೆ ಅಪ್ಪನ ಕಣ್ಣು ತಪ್ಪಿಸಿ ಕೇರಿಗೆ ಬಂದು, ಕಲಿಸು ಎಂದು ಅವ್ವನನ್ನು ಕಾಡುತ್ತಿದ್ದ.

“ಅವ್ವನ ಕಲಿಸಿದ್ಲು. ಅವರು ಕಾಲು ಎಳಿಯೂದೂ ಕಲ್ತ್ರು. ಅದೂ ಕುಣತನ ಅಂತ ತಿಳಕೊಂಡಿದ್ರೇನೋ. ಒಂದಿನ ಹಿರೇ ಸಾವ್ಕಾರ್ರು ನೋಡಿದ್ರು. ಗಜಕೋಲು ತಗೊಂಡು ಹೊಡದ್ರು. ನಮ್ಮನ್ನ ಮುಟ್ಟ್ಯಾನಂತ ಅಂಗಳದಾಗ ನಿಂದ್ರಿಸಿ ಗಂಜಲ ಸುರುವಿ ಮೈ ತೊಳಿಸಿದ್ರು. ನಾ ಸಣ್ಣಾಕಿ, ಬೇಲಿ ಹಿಂದ ನಿಂತು ನೋಡೀನಿ. ಆಮ್ಯಾಲ ಹುಬ್ಬಳ್ಳಿ ಸಾಲಿಗೆ ಕಳಿಸಿದ್ರಂತ, ಅಲ್ಲಿಂದ ಓಡಿ ಹ್ವಾದ್ರಂತ.”

ಚಹಾ ಆರಿತ್ತು. ಬಾಣ ತಗುಲಿದ ಜಿಂಕೆ ಎಂದು ನಾನು ಎಷ್ಟು ಸಲ ಕೇಳಿದ್ದೆ. ಆ ತಡವಾಗುವ ಕಾಲಿಗೆ ಎಷ್ಟು ಪ್ರೀತಿಯಿಂದ ಜಾಗ ಬಿಟ್ಟು ಬಾರಿಸಿದ್ದೆ. ಲೋಖಂಡವಾಲಾದ ಮಕ್ಕಳು, ಪಾರ್ಲೆಯ ಕಾಲೇಜು ಹುಡುಗಿಯರು ಕನ್ನಡಿಯ ಮುಂದೆ ಕೈ ತೊಡೆಗಿಟ್ಟು ಅಭ್ಯಾಸ ಮಾಡುತ್ತಿದ್ದುದು ಒಬ್ಬ ಕೂಲಿ ಹೆಂಗಸಿನ ಮುರಿದ ಕಾಲನ್ನು. ಆ ಕುಣಿತ ಆಫ್ರಿಕದ್ದು ಎಂಬುದು ಸುಳ್ಳೇನಲ್ಲ. ಸುಳ್ಳು ಇದ್ದದ್ದು ನೈರೋಬಿಯಲ್ಲಿ. ನಿಜವಾದ ಆಫ್ರಿಕ ಅವರ ಅಪ್ಪನ ಮಿಲ್ಲಿನ ಹಿಂದಿನ ಕೇರಿಯಲ್ಲಿತ್ತು. ಅಲ್ಲಿಂದ ಬಂದದ್ದು ಎಂದು ಹೇಳಲು ಅವರಿಗೆ ನಾಲಗೆ ಬರಲಿಲ್ಲ.

ಆ ಸಿನಿಮಾ ಏನೋ ಕಾರಣಕ್ಕೆ ನಿಂತುಹೋಯಿತು. ಆದರೆ ‘ಒರಿಜಿನಲ್’ ಕೈಗೆ ಸಿಕ್ಕಿದ್ದನ್ನು ಮಾಸ್ಟರ್ ಬಿಡಲಿಲ್ಲ. ದಾದರಿನಲ್ಲಿ ಕ್ಲಾಸಿನ ವಾರ್ಷಿಕ ಕಾರ್ಯಕ್ರಮವಿತ್ತು. ಪಾರ್ವತಿ ಅದರಲ್ಲಿ ಕುಣಿಯಬೇಕು ಎಂದರು. ಪಾರ್ವತಿಗೂ ಕುಣಿಯುವ ಆಸೆ. ಮುಂಬಯಿಗೆ ಬಂದಮೇಲೆ ಡಮಾಮದ ಸದ್ದೇ ಕೇಳಿರಲಿಲ್ಲವಂತೆ. ನನ್ನ ಕಾಂಗೋದ ಮೇಲೆ ತಟ್ಟಿ ತೋರಿಸಿ, ಹೀಗೆ ಬಾರಿಸಿ ಎಂದರು. ನಾನು ಬಾರಿಸಿದೆ. ಅಭ್ಯಾಸದ ಕೊನೆಯ ದಿನ ಆಕೆ ನನ್ನೆದುರಿಗೇ ಮಾಸ್ಟರನ್ನು ನಿಲ್ಲಿಸಿ ಕೇಳಿದರು.

“ಒಂದ ಮಾತು ಹೇಳ್ರಿ ಸಾವ್ಕಾರ್ರ. ಅವ್ವನ ಹೆಸರು ಹೇಳಬ್ಯಾಡ್ರಿ ಬೇಕಾದ್ರ. ಹಳಿಯಾಳದ ಒಬ್ಬಾಕಿ ಸಿದ್ದಿ ಹೆಣಮಗಳು ಕಲಿಸಿದ್ಲು ಅಂತ ಮೈಕಿನಾಗ ಹೇಳ್ರಿ. ಅಷ್ಟ ಸಾಕು.”

ಮಾಸ್ಟರ್ ಆಕೆಯ ಕಡೆ ತಿರುಗಲಿಲ್ಲ. ನನ್ನನ್ನು ನೋಡಿ, “ಹೇಳೋಣಂತೆ, ಅವರಿಗೆ ತಿಳಿಸಿಬಿಡಿ,” ಎಂದರು. ಆಕೆ ಕೈಗೆಟುಕುವಷ್ಟು ಹತ್ತಿರದಲ್ಲೇ ನಿಂತಿದ್ದರು.

ಕಾರ್ಯಕ್ರಮದ ಸಂಜೆ ಗ್ರೀನ್ ರೂಮಿನಲ್ಲಿ ಅದೇ ಕಪ್ಪು ಬಕೆಟ್ಟು. ಮೇಕಪ್ಪಿನವನು ಪಾರ್ವತಿಯ ತೋಳಿಗೂ ಮುಖಕ್ಕೂ ಅದನ್ನು ಬಳಿಯತೊಡಗಿದ. ಈಕೆಗೆ ಯಾಕೆ ಎಂದು ನಾನು ಕೇಳಿದೆ. ಮಾಸ್ಟರ್ ದೂರದಿಂದಲೇ, “ಲೈಟಿಗೆ ಸಾಲಲ್ಲ, ಇನ್ನೂ ಕಪ್ಪು ಬೇಕು,” ಎಂದರು. ಪಾರ್ವತಿ ಮೂಗಿನ ಹತ್ತಿರ ಬಂದ ಬ್ರಷ್ಷನ್ನು ಕೈಯಿಂದ ಸರಿಸಿ ಮುಖ ಒಂದು ಕಡೆ ತಿರುಗಿಸಿಕೊಂಡರು. ಬಣ್ಣ ಕಿವಿಯ ಹಿಂದಿನಿಂದ ಇಳಿದು ರವಿಕೆಗೆ ಹತ್ತಿತು.

ಪರದೆಯ ಆಚೆ ಮಾಸ್ಟರ್ ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡಿದರು. ಈ ನೃತ್ಯವನ್ನು ತಾನು ನೈರೋಬಿಯ ಹೊರಗಿನ ಕಾಡಿನಲ್ಲಿ ಒಬ್ಬ ಬುಡಕಟ್ಟಿನ ರಾಜನ ಮಗಳಿಂದ ಕಲಿತೆ ಎಂದರು. ಆ ರಾಜಕುಮಾರಿಯ ಬಂಧುವೇ ಈಗ ನಿಮ್ಮೆದುರು ಬರಲಿದ್ದಾಳೆ ಎಂದರು. ಪಾರ್ವತಿಗೆ ಇಂಗ್ಲಿಷ್ ಬಾರದು. “ಹಳಿಯಾಳದ್ದು ಹೇಳಿದ್ರೇನ್ರಿ?” ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಆಕೆ ಬಕೆಟ್ಟಿನ ಪಕ್ಕದಲ್ಲಿದ್ದ ನೀರಿನ ಕೊಡ ಎತ್ತಿಕೊಂಡು ಮೂಲೆಗೆ ಹೋದರು. ಮುಖ, ತೋಳು ಉಜ್ಜಿ ತೊಳೆದರು. ಪುಕ್ಕದ ಲಂಗ ಕಳಚಿ, ಮೊದಲಿನ ಹಸಿರು ಸೀರೆಯನ್ನೇ ಎತ್ತಿ ಕಚ್ಚೆ ಹಾಕಿದರು. ಅಷ್ಟರಲ್ಲಿ ಟೇಪಿನ ಸಂಗೀತ ಶುರುವಾಗಿಬಿಟ್ಟಿತ್ತು, ನಾನು ರಂಗದ ಅಂಚಿನಲ್ಲಿದ್ದ ನನ್ನ ಕಾಂಗೋಗಳ ಹತ್ತಿರ ಹೋಗಿದ್ದೆ. ಯಾರಾದರೂ ತಡೆಯುವಷ್ಟರಲ್ಲಿ ಆಕೆ ಬೆಳಕಿಗೆ ಹೋಗಿ ನಿಂತು ನನ್ನ ಕಡೆ ನೋಡಿದರು.

“ಅಣ್ಣಾರ, ಬಡೀರಿ,” ಎಂದರು.

ಬಾರಿಸಿದೆ. ಆಕೆ ಕುಣಿದರು. ಮೈ ಬಾಗಿತ್ತು, ಭುಜ ನಡುಗುತ್ತಿತ್ತು, ಆದರೆ ಕೈ ತೊಡೆಯ ಮೇಲೆ ಇರಲಿಲ್ಲ, ಕಾಲು ಎಳೆಯಲಿಲ್ಲ. ಎರಡು ಪಾದಗಳೂ ಒಂದೇ ಬಲದಲ್ಲಿ ನೆಲಕ್ಕೆ ಬೀಳುತ್ತಿದ್ದವು. ತಡವಾದ ಹೆಜ್ಜೆಗೆಂದು ನಾನು ಬಿಟ್ಟ ಜಾಗದಲ್ಲಿ ಆಕೆಯ ಎಡಗಾಲು ಸರಿಯಾದ ಹೊತ್ತಿಗೆ ಬಂದು ನಿಂತಾಗ ನನ್ನ ಕೈ ತಪ್ಪಿತು. ಅವ್ವ ಕಾಲು ನೆಟ್ಟಗಿದ್ದಾಗ ಹೇಗೆ ಕುಣಿಯುತ್ತಿದ್ದಳೋ ಹಾಗೆ ಕುಣಿದೆ ಎಂದು ಆಮೇಲೆ ಹೇಳಿದರು. ಅಂಥ ಕುಣಿತವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಸಭೆಗೆ ಅದು ಹಿಡಿಸಲಿಲ್ಲ. ಸೀರೆ ಉಟ್ಟ ಕೆಲಸದಾಕೆ ದಾರಿ ತಪ್ಪಿ ಬಂದಳೆಂದುಕೊಂಡರೋ ಏನೋ. ಹಿಂದಿನ ಸಾಲುಗಳಿಂದ “ನೈರೋಬಿ, ನೈರೋಬಿ” ಎಂಬ ಕೂಗು ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಮಾಸ್ಟರ್ ಪರದೆಯ ಮರೆಯಿಂದ ಹೊರಬಂದು, ನಗುನಗುತ್ತ, ಆಕೆಯ ಮುಂದೆ ನಿಂತು ಎಡಗಾಲು ಎಳೆದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಪಾರ್ವತಿ ಕುಣಿಯುವುದನ್ನು ನಿಲ್ಲಿಸಿ, ಅವರು ಕಾಲು ಎಳೆಯುವುದನ್ನು ಸ್ವಲ್ಪ ಹೊತ್ತು ನೋಡಿ, ಇಳಿದು ಹೋದರು. ನಾನು ಕಾಂಗೋದಿಂದ ಕೈ ತೆಗೆದೆ. ಯಾರಿಗೂ ಗೊತ್ತಾಗಲಿಲ್ಲ. ಟೇಪು ಓಡುತ್ತಲೇ ಇತ್ತು.

ಮಾರನೆಯ ದಿನ, ಕ್ಲಾಸಿನ ಸಾಮಾನುಗಳ ಜೊತೆ ಹೋಗಿದ್ದ ನನ್ನ ವಾದ್ಯ ತರಲು ಅಂಧೇರಿಗೆ ಹೋದೆ. ಮಾಸ್ಟರ್ ಒಬ್ಬರೇ ಇದ್ದರು. ಕೆಳಗೆ ಗಿರಣಿ ಓಡುತ್ತಿತ್ತು.

“ಒಂದು ವಾಕ್ಯ ಹೇಳೋದಕ್ಕೆ ನಿಮಗೇನಾಗಿತ್ತು?” ಎಂದೆ.

ಅವರ ಬಾಯಿಂದ ಬಂದ ಕನ್ನಡ ನನಗೆ ಗೊತ್ತಿದ್ದ ಪುಸ್ತಕದ ಕನ್ನಡವಲ್ಲ.

“ಏನ್ ಹೇಳ್ಲಿರಿ? ಹಳಿಯಾಳ ಅಂದ್ರ ಇವರಿಗೆ ಏನ್ ಕಾಣ್ತೈತಿ? ಕೂಲಿ ಹೆಂಗಸು ಕಲಿಸ್ಯಾಳ ಅಂದ್ರ ಯಾರ್ ಕಲೀತಾರ? ನೈರೋಬಿ ಅಂದ್ರ ಕಣ್ಣು ಬಿಡ್ತಾರ.” ಬೇಸಿನ್ನಿನ ಹತ್ತಿರ ಹೋಗಿ ಉಗುಳಿ ಬಂದರು. “ಗಂಜಲದಾಗ ಮೈ ತೊಳಿಸಿಕೊಂಡಾವ ನಾನು, ನೀವಲ್ಲ. ಆ ನಾತ ಹ್ವಾಗ್ಲಿ ಅಂತನ ಇಷ್ಟು ದೂರ ಬಂದೀನಿ.”

“ಆ ದಿಮ್ಮಿ ನಿಮ್ಮಪ್ಪನ ಮಿಲ್ಲಿನದು,” ಎಂದೆ.

“ಅದಕ್ಕ ನಾ ಏನ್ ಮಾಡ್ಲಿ? ಆ ಕಾಲಿಗೆ ನಾ ಹೆಸರು ತಂದು ಕೊಟ್ಟೀನಿ. ಇಲ್ಲಾಂದ್ರ ಅದು ಅಲ್ಲೇ ಕೊಳೀತಿತ್ತು.”

ಮೈಮೇಲೆ ಗಂಜಲ ಸುರಿಸಿಕೊಂಡ ಹುಡುಗನ ಬಗ್ಗೆ ಕೇಳಿದಾಗ ಮರುಗಿದ್ದೆ. ಈ ಮಾತು ಆಡಿದ ಗಂಡಸಿನ ಬಗ್ಗೆ ಆ ಮರುಕ ಉಳಿಯಲಿಲ್ಲ. ಅಪ್ಪ ತನಗೆ ಮಾಡಿದ್ದನ್ನು ಇವರು ಇನ್ನೊಂದು ರೀತಿಯಲ್ಲಿ ಮಾಡುತ್ತಲೇ ಇದ್ದರು. ಅಪ್ಪ ಸಿದ್ದಿಗಳ ಸ್ಪರ್ಶವನ್ನು ಮಗನ ಮೈಯಿಂದ ತೊಳೆದಿದ್ದ, ಮಗ ಅವರನ್ನು ಅವರದೇ ಕುಣಿತದಿಂದ ತೊಳೆದು ಹಾಕಿದ್ದರು. ನಾನು ಕಾಂಗೋಗಳನ್ನು ಹಗ್ಗ ಹಾಕಿ ಬಿಗಿದು ಎತ್ತಿಕೊಂಡು ಮೆಟ್ಟಿಲಿಳಿದೆ. ಸಲೀಂ ಮುಂದೆ ದುಬೈಗೆ ಹೋದ. ಮಾಸ್ಟರ್ ಬೆಳೆದರು. ಟಿವಿಯಲ್ಲಿ ಬಂದರು, ಸ್ಪರ್ಧೆಗಳಿಗೆ ತೀರ್ಪುಗಾರರಾದರು, ಬಾಂದ್ರಾದಲ್ಲಿ ಮರದ ನೆಲದ ಸ್ಟುಡಿಯೋ ಮಾಡಿದರು. ಬಾಯಿಯ ಕ್ಯಾನ್ಸರ್ ಎಂದು ಹೋದ ವರ್ಷ ಕೇಳಿದೆ. ನೋಡಲು ಹೋಗಲಿಲ್ಲ ಎಂದು ಪಾರ್ವತಿಯೇ ಒಮ್ಮೆ ನನಗೆ ಹೇಳಿದ್ದರು. ನಾನೂ ಹೋಗಿರಲಿಲ್ಲ.

ಪಾರ್ವತಿ ನಮ್ಮ ಮನೆಗೆ ಬಂದು ಹೋಗುವ ಬಳಕೆ ಆಗಿನಿಂದಲೂ ಉಳಿದಿದೆ. ನನ್ನ ಹೆಂಡತಿಯ ಆಪರೇಷನ್ ಆದಾಗ ಹಗಲಿಡೀ ಪಕ್ಕದಲ್ಲಿದ್ದವರು ಅವರೇ. ಹೋದ ಭಾನುವಾರ ಸಭೆಯಿಂದ ಹೊರಬಿದ್ದವನು ನೇರವಾಗಿ ಆಕೆಯ ನರ್ಸಿಂಗ್ ಹೋಮಿಗೆ ನಡೆದೆ, ಹತ್ತು ನಿಮಿಷದ ದಾರಿ. ಒಬ್ಬ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಪೌಡರು ಹಾಕುತ್ತಿದ್ದರು. ಸುದ್ದಿ ಹೇಳಿದೆ. ಫೋಟೋ, ಹಾರ, ಭಾಷಣ ಎಲ್ಲವನ್ನೂ ಹೇಳಿದೆ.

“ಹೌದಾ,” ಎಂದರು. ಮುದುಕಿಯ ರವಿಕೆ ಸರಿಮಾಡಿ, ದಿಂಬು ತಟ್ಟಿ ಇಟ್ಟರು.

“ಊರಲ್ಲಿ ನಿಮ್ಮ ಅವ್ವನಿಗೆ ತಿಳಿಸ್ತೀರಾ?” ಎಂದು ಕೇಳಿದೆ. ಅವ್ವ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿದೆ, ಹೊರಗೆ ಹೋಗುವುದಿಲ್ಲ.

ಪಾರ್ವತಿ ತಲೆ ಅಲ್ಲಾಡಿಸಿದರು.

“ಅಕಿ ಇವತ್ತಿಗೂ ಕೇಳ್ತಾಳ್ರಿ, ಬೊಂಬಾಯಾಗ ಸಣ್ಣ ಸಾವ್ಕಾರ್ರು ಕಂಡ್ರೇನು, ಕುಣೀತಾರೇನು ಅಂತ. ನಾ ಕಂಡಿಲ್ಲ ಅಂತನ ಹೇಳ್ಕೋತ ಬಂದೀನಿ. ಸತ್ರು ಅಂದ್ರ ಅಳ್ತಾಳ.” ಮಂಚದ ಕೆಳಗಿನ ಬೆಡ್‌ಪ್ಯಾನನ್ನು ಎತ್ತಿಕೊಂಡು ಎದ್ದರು. “ಅವರ ಸಲುವಾಗಿ ನಮ್ಮವ್ವ ಅಳೂದು ನನಗ ಬ್ಯಾಡ.”